ಸೌದೆ, ಒಣಮೀನು, ವಿಕಿಪೀಡಿಯ: ಈ ಸಲದ ಮಳೆಗಾಲದ ದಾಸ್ತಾನು

ನಮ್ಮ ಮನೆ ಶಾಂತಳ್ಳಿ ಕಡೆ, ಪುಷ್ಪಗಿರಿಯ ಬುಡದಲ್ಲಿ. ಇಲ್ಲಿ ಮಳೆಯನ್ನು ಯಾರೂ ಮಿಲಿಮೀಟರಿನಲ್ಲಿ ಹೇಳಲ್ಲ, ಇಂಚು-ಸೆಂಟಿನಲ್ಲೇ ಹೇಳೋದು, ಇಂಚಿನ ನೂರರಲ್ಲೊಂದು ಪಾಲು ಸೆಂಟು. "ರಾತ್ರಿ ನಾಲ್ಕೂವರೆ ಇಂಚು" ಅಂದರೆ ಮುಂದಿನದನ್ನು ಕೇಳಬೇಕಾಗಿಲ್ಲ. ಎಲ್ಲೋ ಒಂದು ಸಿಲ್ವರ್ ಓಕ್ ಲೈನಿನ ಮೇಲೆ ಬಿದ್ದಿರುತ್ತದೆ, ಕರೆಂಟ್ ಹೋಗಿರುತ್ತದೆ. ಎರಡನೇ ದಿನಕ್ಕೆ ಟವರಿನ ಬ್ಯಾಟರಿಯೂ ಸುಸ್ತು. ಆಮೇಲೆ ಫೋನು ಬರೀ ಟಾರ್ಚ್.

ಹೋದ ವರ್ಷ ಜುಲೈಯಲ್ಲಿ ಆರು ದಿನ ಹೀಗೇ ಕಳೆಯಿತು. ಮಗಳು ಆಗ ಎಂಟನೇ ಕ್ಲಾಸು. ಶಾಲೆಗೆ ಮಳೆ ರಜೆ ಕೊಟ್ಟಿದ್ದರು, ಪ್ರಾಜೆಕ್ಟಿಗೆ ಕೊಟ್ಟಿರಲಿಲ್ಲ. "ಅಪ್ಪಾ, ಜ್ವಾಲಾಮುಖಿ ಬಗ್ಗೆ ನಾಲ್ಕು ಪುಟ ಬರೀಬೇಕು" ಅಂತ ಬಂದು ನಿಂತಳು. ಮನೆಯಲ್ಲಿ ಇದ್ದ ಪುಸ್ತಕ ಅಂದರೆ ಪಂಚಾಂಗ, ಕಾಫಿ ಕೃಷಿಯ ಒಂದು ಹಳೇ ಕೈಪಿಡಿ, ಅವಳದೇ ಪಠ್ಯಪುಸ್ತಕ. ಎರಡು ಪುಟಕ್ಕೆ ನಿಂತಿತು.

ಮೇ ಮುಗಿಯುವುದರೊಳಗೆ ಸೌದೆ ಕೊಟ್ಟಿಗೆ ಸೇರುತ್ತದೆ, ಒಣಮೀನು ಡಬ್ಬಿ ಸೇರುತ್ತದೆ. ಈ ಸಲ ಅದರ ಜೊತೆ ವಿಕಿಪೀಡಿಯವನ್ನೂ ತುಂಬಿಡೋಣ ಅಂತ ಹೊರಟೆ. ಸೋಮವಾರಪೇಟೆಯಲ್ಲಿ ನನ್ನದೊಂದು ಝೆರಾಕ್ಸ್-ಡಿಟಿಪಿ ಅಂಗಡಿ ಇದೆ, ಅಲ್ಲಿ ಫೈಬರ್ ಕನೆಕ್ಷನ್ ಇದೆ. ಎರಡು ದಿನದ ಕೆಲಸ ಅಂದುಕೊಂಡಿದ್ದೆ. ಮೂರು ತಿಂಗಳು ಹಿಡಿಯಿತು.

1. ಏಪ್ರಿಲ್ 20: ತಪ್ಪು ಫೈಲು

ವಿಕಿಪೀಡಿಯ ನಡೆಸುವ ವಿಕಿಮೀಡಿಯದವರೇ ಪ್ರತಿ ಭಾಷೆಯದ್ದರ ಡಂಪ್, ಅಂದರೆ ಎಲ್ಲ ಬರಹದ ಒಟ್ಟು ಪ್ರತಿ, ಇಡುತ್ತಾರೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಕನ್ನಡದ್ದು ಚಿಕ್ಕದು, ಒಂದು ಟೀ ಕುಡಿದು ಬರುವಷ್ಟರಲ್ಲಿ ಬಂದುಬಿಟ್ಟಿತು. ಬಿಚ್ಚಿ ನೋಡಿದರೆ ಒಂದೇ ಒಂದು ಎಕ್ಸ್‌ಎಂಎಲ್ ಫೈಲು. ನೋಟ್‌ಪ್ಯಾಡಿನಲ್ಲಿ ತೆರೆಯಲು ಹೋಗಿ ಅಂಗಡಿಯ ಲ್ಯಾಪ್‌ಟಾಪ್ ಹತ್ತು ನಿಮಿಷ ಅಲ್ಲಾಡಲಿಲ್ಲ. ಹೊರಗೆ ಆಧಾರ್ ಝೆರಾಕ್ಸಿಗೆ ನಿಂತವರು ಬೈದುಕೊಂಡು ಪಕ್ಕದ ಅಂಗಡಿಗೆ ಹೋದರು.

ಕೊನೆಗೂ ತೆರೆಯಿತು. ಒಳಗಿದ್ದದ್ದು ದೋಸೆಯಲ್ಲ, ಹಿಟ್ಟು. ಜೋಡಿ ಜೋಡಿ ಆವರಣ ಚಿಹ್ನೆ, ಟೆಂಪ್ಲೇಟಿನ ಹೆಸರು, ನೆಟ್ಟಗಿನ ಗೆರೆಗಳು, ನಡುನಡುವೆ ಕನ್ನಡ. ಚಿತ್ರ ಒಂದೂ ಇಲ್ಲ. ಡಂಪ್ ಇರುವುದು ಅದನ್ನು ಬೇಯಿಸಲು ಬಲ್ಲವರಿಗೆ. ಓದುವವರಿಗೆ ಬೇಕಾದ್ದು ಬೇರೆ.

2. ಏಪ್ರಿಲ್ 22: ಕಿವಿಕ್ಸ್

ಬೇಕಾದ್ದು ಕಿವಿಕ್ಸ್. 2007ರಲ್ಲಿ ಶುರುವಾದ ಉಚಿತ ತಂತ್ರಾಂಶ. ಇಡೀ ವಿಕಿಪೀಡಿಯ 'ಝಿಮ್' ಅನ್ನುವ ಒಂದೇ ಫೈಲಿನಲ್ಲಿ ಇರುತ್ತದೆ. ಪುಟ, ಚಿತ್ರ, ಹುಡುಕುವ ಸೂಚಿ ಎಲ್ಲ ಅದರೊಳಗೇ ಅಡಕ. ಬಿಚ್ಚುವ ಗೋಜಿಲ್ಲ. ಯಾವ ಲೇಖನ ಕೇಳಿದರೆ ಆ ತುಂಡನ್ನು ಮಾತ್ರ ತೆಗೆದು ತೋರಿಸುತ್ತದೆ. ಅದಕ್ಕೇ ಬಡಪಾಯಿ ಫೋನಿನಲ್ಲೂ ಓಡುತ್ತದೆ.

ಅಂಗಡಿಗೆ ಬಂದ ಗೆಳೆಯನೊಬ್ಬ "ಇದು ಕದ್ದ ಮಾಲಲ್ಲ ತಾನೇ?" ಅಂದ. ಅಲ್ಲ. ವಿಕಿಪೀಡಿಯದ ಬರಹ ಮುಕ್ತ ಪರವಾನಗಿಯದು. ಮೂಲ ಎಲ್ಲಿಯದು ಅಂತ ಹೇಳಿ, ಅದೇ ಪರವಾನಗಿಯಲ್ಲಿ ಹಂಚಬಹುದು.

ಇಂಗ್ಲಿಷಿನದ್ದು ಮೂರು ಥರ ಸಿಗುತ್ತದೆ. 'ಮ್ಯಾಕ್ಸಿ'ಯಲ್ಲಿ ಪೂರ್ತಿ ಬರಹ, ಚಿತ್ರ ಎಲ್ಲ ಉಂಟು, ನೂರು ಜಿಬಿಗಿಂತ ಜಾಸ್ತಿ. 'ನೋಪಿಕ್'ನಲ್ಲಿ ಚಿತ್ರ ಇಲ್ಲ, ಅದರ ಅರ್ಧದ ಆಸುಪಾಸು. 'ಮಿನಿ'ಯಲ್ಲಿ ಪ್ರತಿ ಲೇಖನದ ಪೀಠಿಕೆ ಮತ್ತು ಪಕ್ಕದ ಮಾಹಿತಿ ಚೌಕ ಮಾತ್ರ, ಹತ್ತು ಜಿಬಿ ಚಿಲ್ಲರೆ. ಕನ್ನಡದ್ದು ಇವುಗಳ ಮುಂದೆ ತೂಕಕ್ಕೇ ಬರಲ್ಲ. 2003ರಿಂದ ಬರೆಯುತ್ತಾ ಬಂದ ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನ ಅದರಲ್ಲಿವೆ.

ನಾನು ಆರಿಸಿದ್ದು: ಇಂಗ್ಲಿಷ್ ಮ್ಯಾಕ್ಸಿ, ಇಂಗ್ಲಿಷ್ ಮಿನಿ, ಕನ್ನಡ ಪೂರ್ತಿ, ಕನ್ನಡ ವಿಕ್ಷನರಿ ಅನ್ನುವ ನಿಘಂಟು, ವೈದ್ಯಕೀಯ ಲೇಖನಗಳಷ್ಟೇ ಇರುವ ವಿಕಿಮೆಡ್. ಆಮೇಲೆ ಮಗಳಿಗಾಗಿ ಫೆಟ್ ಅನ್ನುವ ವಿಜ್ಞಾನದ ಆಟಿಕೆ ಪ್ರಯೋಗಗಳು.

ನೂರು ಜಿಬಿಯ ಆಸೆ ಯಾಕೆ ಅಂದರೆ, ಸುಮ್ನೆ. ಸಿಕ್ಕುತ್ತದಲ್ಲಾ ಅಂತ. ಈ ಆಸೆಯೇ ಮುಂದಿನ ಅರ್ಧ ತಲೆನೋವಿಗೆ ಕಾರಣ.

3. ಏಪ್ರಿಲ್ 23ರಿಂದ 29: ಇಳಿಸಿದ್ದು

ಮೊದಲ ರಾತ್ರಿ ಬ್ರೌಸರಿನಲ್ಲೇ ಒತ್ತಿ ಅಂಗಡಿ ಬಾಗಿಲು ಹಾಕಿ ಮನೆಗೆ ಹೋದೆ. ಬೆಳಿಗ್ಗೆ ನೋಡಿದರೆ 38 ಜಿಬಿಗೆ ನಿಂತಿದೆ. ಗುಡುಗಿಗೆ ಕರೆಂಟ್ ಹೋಗಿತ್ತು. ಲ್ಯಾಪ್‌ಟಾಪಿಗೆ ಬ್ಯಾಟರಿ ಇತ್ತು, ಪಾಪ ರೂಟರಿಗೆ ಇರಲಿಲ್ಲ. ಮುಂದುವರಿಸು ಅಂತ ಒತ್ತಿದರೆ ಸೊನ್ನೆಯಿಂದ ಶುರುವಾಯಿತು.

ಎರಡನೇ ರಾತ್ರಿಯಿಂದ ಟೊರೆಂಟ್, ಅಂದರೆ ಫೈಲನ್ನು ತುಂಡು ತುಂಡಾಗಿ ಇಳಿಸುವ ವಿಧಾನ. ಕಿವಿಕ್ಸ್‌ನವರೇ ಪ್ರತಿ ಫೈಲಿಗೂ ಟೊರೆಂಟ್ ಕೊಡುತ್ತಾರೆ. ಎಲ್ಲಿ ನಿಂತಿತೋ ಅಲ್ಲಿಂದಲೇ ಮುಂದೆ ಹೋಗುತ್ತದೆ, ಬಂದ ತುಂಡು ಸರಿ ಇದೆಯಾ ಅಂತಲೂ ತಾನೇ ನೋಡಿಕೊಳ್ಳುತ್ತದೆ. ನಾಲ್ಕು ರಾತ್ರಿಯಲ್ಲಿ ಮುಗಿಯಿತು. ಇದನ್ನೇ ಮನೆಯಲ್ಲಿ ಮೊಬೈಲ್ ಡೇಟಾದಲ್ಲಿ ಮಾಡಿದ್ದರೆ, ದಿನಕ್ಕೆ 2 ಜಿಬಿಯಂತೆ ಐವತ್ತು ದಿನ ದಾಟುತ್ತಿತ್ತು.

ಚಿಕ್ಕ ಫೈಲುಗಳನ್ನು ಮಾತ್ರ ನೇರವಾಗಿ ಇಳಿಸಿದೆ. ಅವಕ್ಕೆ ಪಕ್ಕದಲ್ಲೇ ಎಸ್‌ಎಚ್‌ಎ 256 ಅನ್ನುವ ಉದ್ದದ ಅಂಕಿ ಕೊಟ್ಟಿರುತ್ತಾರೆ. ನಮ್ಮ ಫೈಲಿನಿಂದ ಅದೇ ಅಂಕಿ ಬರಬೇಕು. ವಿಕಿಮೆಡ್‌ದು ತಾಳೆಯಾಗಲಿಲ್ಲ. ನೋಡಿದರೆ ಅರ್ಧಕ್ಕೇ ನಿಂತ ಫೈಲು ಪೂರ್ತಿಯ ಹೆಸರು ಹೊತ್ತು ಕೂತಿತ್ತು. ಮತ್ತೆ ಇಳಿಸಿದೆ.

4. ಮೇ 3: 512 ಜಿಬಿ ಅನ್ನುವ ಕಾರ್ಡು

ಇದನ್ನು ಹೇಳಿಕೊಳ್ಳಲು ನಾಚಿಕೆ. ದಿನಾ ಕಂಪ್ಯೂಟರ್ ಮುಂದೆ ಕೂರುವವನು ನಾನು. 700 ರೂಪಾಯಿಗೆ 512 ಜಿಬಿಯ ಮೈಕ್ರೋ ಎಸ್‌ಡಿ ಕಾರ್ಡು ಕಂಡಾಗ ಅನುಮಾನ ಬರಲೇ ಇಲ್ಲ. ಆಫರ್ ಅಂದುಕೊಂಡೆ. ಎಲ್ಲಿ ತಗೊಂಡೆ ಅನ್ನುವುದು ಬೇಡ ಬಿಡಿ.

ಲ್ಯಾಪ್‌ಟಾಪಿಗೆ ಹಾಕಿದರೆ ನೆಟ್ಟಗೆ 512 ಅಂತಲೇ ತೋರಿಸಿತು. ಮ್ಯಾಕ್ಸಿ ಫೈಲನ್ನು ಕಾಪಿ ಮಾಡಿದೆ. ಒಂದೇ ಒಂದು ಎರರ್ ಬರಲಿಲ್ಲ, ನೀಲಿ ಪಟ್ಟಿ ಸಾಫಾಗಿ ತುಂಬಿತು. ಕಿವಿಕ್ಸ್ ಅದನ್ನು ತೆರೆಯಿತು, ಮುಖಪುಟ ಬಂತು. ಖುಷಿಯಾಗಿ 'ವಾಲ್ಕೇನೊ' ಅಂತ ಹೊಡೆದೆ. ಖಾಲಿ ಪುಟ. 'ಕಾಫಿ' ಬಂತು. 'ಇಂಡಿಯಾ' ಖಾಲಿ. 'ಟೈಗರ್' ಖಾಲಿ. ಅಲ್ಲೊಂದು ಇಲ್ಲೊಂದು ಬರುತ್ತದೆ, ಉಳಿದದ್ದು ಬರಲ್ಲ.

ಒಂದು ಇಡೀ ಭಾನುವಾರ ತಂತ್ರಾಂಶವನ್ನು ಬೈಯುತ್ತಾ ಕಳೆದೆ. ಹೊಸ ಆವೃತ್ತಿ ಹಾಕಿದೆ, ಹಳೇದು ಹಾಕಿದೆ, ಟೊರೆಂಟನ್ನು ಮತ್ತೆ ಪರೀಕ್ಷೆಗೆ ಬಿಟ್ಟೆ. ಲ್ಯಾಪ್‌ಟಾಪಿನಲ್ಲಿದ್ದ ಮೂಲ ಫೈಲು ಸರಿಯಾಗೇ ಇತ್ತು. ಆಗ ಕಾರ್ಡಿನ ಮೇಲೆ ಕಣ್ಣು ಬಿತ್ತು.

ಎಚ್2ಟೆಸ್ಟ್‌ಡಬ್ಲ್ಯೂ ಅಂತ ಒಂದು ಪುಟ್ಟ ಪ್ರೋಗ್ರಾಂ ಇದೆ. ಕಾರ್ಡಿನ ತುಂಬ ಏನೋ ಬರೆದು, ಬರೆದದ್ದನ್ನೇ ಓದಿ ನೋಡುತ್ತದೆ. ರಾತ್ರಿ ಹಾಕಿಟ್ಟು ಬೆಳಿಗ್ಗೆ ನೋಡಿದರೆ: ನಿಜವಾಗಿ ಇರುವುದು 29 ಜಿಬಿ. ಒಳಗಿನ ಚಿಪ್ಪಿಗೆ ಸುಳ್ಳು ಹೇಳಲು ಕಲಿಸಿರುತ್ತಾರೆ. ಜಾಗ ಮುಗಿದ ಮೇಲೂ 'ಬರೆದೆ, ಬರೆದೆ' ಅನ್ನುತ್ತದೆ, ಬರೆಯುವುದಿಲ್ಲ. ಲಿನಕ್ಸಿನವರು ಇದೇ ಕೆಲಸಕ್ಕೆ ಎಫ್3 ಬಳಸುತ್ತಾರೆ.

ಮಾರಿದವರು ಫೋನ್ ಎತ್ತಲಿಲ್ಲ. 700 ರೂಪಾಯಿ ಹೋಯಿತು. ಆ ಕಾರ್ಡು ಈಗ ನನ್ನ ಮೇಜಿನ ಗಾಜಿನ ಕೆಳಗೆ ಇದೆ. ಅಂಗಡಿಗೆ ಬಂದು "ಕಮ್ಮಿ ರೇಟಿಗೆ ಕಾರ್ಡ್ ಸಿಗತ್ತಂತಲ್ಲಾ" ಅನ್ನುವವರಿಗೆ ತೋರಿಸುತ್ತೇನೆ.

ಮೇ 12ಕ್ಕೆ ಬಿಲ್ಲು ಕೊಡುವ ಕಡೆಯಿಂದ 256 ಜಿಬಿಯ ಕಾರ್ಡು, 1,950 ರೂಪಾಯಿ. ಬಂದ ಕೂಡಲೇ ಮೊದಲು ಪರೀಕ್ಷೆ, ಆಮೇಲೆ ಕೆಲಸ. ಅದಕ್ಕೇ ಒಂದು ರಾತ್ರಿ ಹೋಯಿತು, ಹೋಗಲಿ. ಮ್ಯಾಕ್ಸಿ ಕಾಪಿ ಆಗಲು ಎರಡು ಗಂಟೆಗೆ ಸ್ವಲ್ಪ ಕಡಿಮೆ ಹಿಡಿಯಿತು.

5. ಮೇ 14ರಿಂದ 18: ಫೋನಿಗೆ

ಮೊದಲ ಯೋಜನೆ ಸರಳವಾಗಿತ್ತು. ಕಾರ್ಡನ್ನು ಹಳೇ ಫೋನಿಗೆ ಹಾಕುವುದು, ಮುಗೀತು. ಇಲ್ಲಿ ಮೂರು ಸಲ ಬಿದ್ದೆ.

ಮೊದಲನೇದು: ಕಾಪಿಗೆ ಮೊದಲು ಕಾರ್ಡನ್ನು ಆ ಫೋನಿನಲ್ಲೇ ಫಾರ್ಮ್ಯಾಟ್ ಮಾಡಿದ್ದೆ. ಅದು ಫ್ಯಾಟ್32 ಅನ್ನುವ ಹಳೇ ಪದ್ಧತಿಗೆ ಜೋಡಿಸಿತು. ಫ್ಯಾಟ್32ರಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ. 'ಫೈಲು ತುಂಬಾ ದೊಡ್ಡದು' ಅಂತ ಬಂತು. ಕಾರ್ಡಿನಲ್ಲಿ ಇನ್ನೂರು ಜಿಬಿಗೂ ಜಾಸ್ತಿ ಖಾಲಿ ಇದ್ದರೂ ಈ ಮಾತು ಯಾಕೆ ಅಂತ ತಿಳಿಯಲು ಅರ್ಧ ದಿನ ಬೇಕಾಯಿತು.

ಎರಡನೇದು: ಲ್ಯಾಪ್‌ಟಾಪಿನಲ್ಲಿ ಎಕ್ಸ್‌ಫ್ಯಾಟ್ ಮಾಡಿದೆ, ಅದರಲ್ಲಿ ಈ 4 ಜಿಬಿ ತಕರಾರಿಲ್ಲ. ಎರಡು ಗಂಟೆ ಕೂತು ಕಾಪಿ ಮಾಡಿದೆ, ಮನೆಗೆ ತಂದು ಫೋನಿಗೆ ಹಾಕಿ ಸ್ನಾನಕ್ಕೆ ಹೋದೆ. ಹಳೇ ಫೋನಿಗೆ ಎಕ್ಸ್‌ಫ್ಯಾಟ್ ಗೊತ್ತಿಲ್ಲ. 'ಕಾರ್ಡ್ ಸರಿ ಇಲ್ಲ, ಸರಿಪಡಿಸಲು ಒತ್ತಿ' ಅಂದಿದೆ. ಅವ್ವ ಪಕ್ಕದಲ್ಲೇ ಕೂತು ಬೀನ್ಸ್ ಮುರಿಯುತ್ತಿದ್ದರು. ಒತ್ತಿದ್ದಾರೆ.

"ಸರಿಮಾಡ್ತೀನಿ ಅಂತಿತ್ತು ಕಣೋ, ಮಾಡ್ಲಿ ಅಂತ ಬಿಟ್ಟೆ."

ಅವರ ತಪ್ಪೇನೂ ಇಲ್ಲ. ಸರಿಪಡಿಸುತ್ತೇನೆ ಅಂತ ಹೇಳಿ ಎಲ್ಲ ಅಳಿಸಿಹಾಕುವ ಗುಂಡಿ ಅದು. ಬೈಯಬೇಕಾದ್ದು ಹಾಗೆ ಬರೆದವನನ್ನು.

ಮೂರನೇದು: ಝಿಮ್ ಫೈಲನ್ನು ತುಂಡು ಮಾಡಬಹುದು. 4 ಜಿಬಿಗಿಂತ ಕಡಿಮೆಯ ತುಂಡುಗಳಾಗಿ ಕತ್ತರಿಸಿ, ಹೆಸರಿನ ಕೊನೆಗೆ ಝಿಮ್-ಎಎ, ಝಿಮ್-ಎಬಿ, ಝಿಮ್-ಎಸಿ ಅಂತ ಸಾಲಾಗಿ ಇಟ್ಟರೆ ಕಿವಿಕ್ಸ್ ಜೋಡಿಸಿ ಓದುತ್ತದೆ. ಮಿನಿ ಫೈಲು ಮೂರು ತುಂಡಾಯಿತು. ಫೋನಿಗೆ ಹಾಕಿದೆ, ಪ್ಲೇ ಸ್ಟೋರಿನಿಂದ ಕಿವಿಕ್ಸ್ ಇಳಿಸಿದೆ, ತೆರೆಯಿತು. ಆದರೆ ಮಗಳ ಹೊಸ ಫೋನಿನ ಒಳಗೇ ಹಾಕಿದ ಫೈಲು ಮಾತ್ರ ಅದೇ ಆ್ಯಪಿಗೆ ಕಾಣಲಿಲ್ಲ. ಹೊಸ ಆಂಡ್ರಾಯ್ಡಿನಲ್ಲಿ ಒಂದು ಆ್ಯಪ್ ಕಂಡ ಕಂಡ ಫೋಲ್ಡರಿಗೆ ಕೈ ಹಾಕುವ ಹಾಗಿಲ್ಲ. ಕಿವಿಕ್ಸ್‌ನ ಸ್ವಂತ ವೆಬ್‌ಸೈಟಿನಲ್ಲಿರುವ ಎಪಿಕೆ (ಪ್ಲೇ ಸ್ಟೋರ್ ಇಲ್ಲದೆ ನೇರವಾಗಿ ಹಾಕುವ ಆ್ಯಪ್ ಫೈಲು) ಹಾಕಿ, ಫೈಲುಗಳನ್ನು ನೋಡಲು ಅನುಮತಿ ಕೊಟ್ಟ ಮೇಲೆ ಕಂಡಿತು.

ಹೀಗೆ ಫೋನುಗಳಿಗೆ ಕನ್ನಡ, ವಿಕ್ಷನರಿ, ಮಿನಿ ಹೋದವು. ದೊಡ್ಡ ಫೈಲಿಗೆ ಬೇರೆ ಮನೆ ಕಟ್ಟಬೇಕಾಯಿತು. ಮಗಳ ಫೋನಿಗೆ ಕಾರ್ಡು ಹಾಕುವ ಜಾಗವೇ ಇಲ್ಲ. ಈಗಿನ ಸುಮಾರು ಫೋನು ಹಾಗೇ ಅಲ್ವಾ.

6. ಮೇ 25: ರಾಸ್ಪ್‌ಬೆರಿ ಪೈ

ಕುಶಾಲನಗರದ ಪರಿಚಯದವರೊಬ್ಬರ ಹತ್ತಿರ ಧೂಳು ತಿನ್ನುತ್ತಿದ್ದ ರಾಸ್ಪ್‌ಬೆರಿ ಪೈ 3 ಬಿ ಇತ್ತು. 1,800ಕ್ಕೆ ಕೊಟ್ಟರು. 2016ರಲ್ಲಿ ಬಂದ ಮಾಡೆಲ್, ರ್‍ಯಾಮ್ 1 ಜಿಬಿ. ಇಸ್ಪೀಟು ಕಟ್ಟಿನಷ್ಟು ದೊಡ್ಡ ಬೋರ್ಡಿನ ಮೇಲೆ ಒಂದು ಪೂರ್ತಿ ಕಂಪ್ಯೂಟರ್, ವೈಫೈ ಅದರಲ್ಲೇ ಇದೆ. ಅದೇ ಹಾಟ್‌ಸ್ಪಾಟ್ ಹಾಕಲಿ, ಮನೆಯಲ್ಲಿ ಯಾರ ಫೋನಿನಿಂದ ಬೇಕಾದರೂ ಬ್ರೌಸರಿನಲ್ಲೇ ಓದಲಿ ಅನ್ನುವುದು ಲೆಕ್ಕ.

ಹಳೇ 16 ಜಿಬಿ ಕಾರ್ಡಿಗೆ ಪೈ ಓಎಸ್ (ಅದನ್ನು ನಡೆಸುವ ಮೂಲ ತಂತ್ರಾಂಶ) ಹಾಕಿದೆ, ಡೆಸ್ಕ್‌ಟಾಪ್ ಇಲ್ಲದ ಲೈಟ್ ಆವೃತ್ತಿ. 256ರ ಕಾರ್ಡನ್ನು 180 ರೂಪಾಯಿಯ ಕಾರ್ಡ್ ರೀಡರಿಗೆ ಹಾಕಿ ಯುಎಸ್‌ಬಿಗೆ ಚುಚ್ಚಿದೆ. ಎರಡನ್ನೂ ಬೇರೆ ಇಟ್ಟದ್ದು ಬೇಕಂತಲೇ. ದೊಡ್ಡ ಕಾರ್ಡನ್ನು ಕಿತ್ತು ಅಂಗಡಿಗೆ ಒಯ್ದು ಹೊಸ ಫೈಲು ತುಂಬಿ ತರಬಹುದು. ಕಿವಿಕ್ಸ್-ಟೂಲ್ಸ್ ಪ್ಯಾಕೇಜು ಹಾಕಿದರೆ ಕಿವಿಕ್ಸ್-ಸರ್ವ್ ಬರುತ್ತದೆ, ಎಲ್ಲ ಝಿಮ್ ಫೈಲುಗಳನ್ನೂ ಒಂದು ಕಪಾಟಿನ ಹಾಗೆ ಜೋಡಿಸಿ ತೋರಿಸುತ್ತದೆ.

ಸಿಕ್ಕಿಕೊಂಡ ಜಾಗಗಳು ಎರಡು. ಹಾಟ್‌ಸ್ಪಾಟ್ ಏಳಲೇ ಇಲ್ಲ. ಒಂದು ಸಂಜೆ ಹೋದ ಮೇಲೆ ಗೊತ್ತಾಯಿತು, ಸೆಟ್ಟಿಂಗಿನಲ್ಲಿ ದೇಶ ಯಾವುದು ಅಂತ ಹೇಳದಿದ್ದರೆ ಪೈ ವೈಫೈಯನ್ನು ಬೀಗ ಹಾಕಿಟ್ಟಿರುತ್ತದೆ. ಇಂಡಿಯಾ ಅಂತ ಆರಿಸಿದೆ, ಎದ್ದಿತು.

ಇನ್ನೊಂದು ನನ್ನದೇ ಎಡವಟ್ಟು. ಶುರುವಾದ ಕೂಡಲೇ ದೊಡ್ಡ ಕಾರ್ಡು ತಾನಾಗೇ ಸೇರಿಕೊಳ್ಳಲಿ ಅಂತ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಒಂದು ಸಾಲು ಬರೆದೆ, ಅದರಲ್ಲಿ 'ನೋಫೇಲ್' ಅನ್ನುವ ಪದ ಬಿಟ್ಟೆ. ಕಾರ್ಡು ಇಲ್ಲದಿದ್ದರೂ ಮುಂದೆ ಹೋಗು ಅಂತ ಅದರ ಅರ್ಥ. ಮರುದಿನ ಕಾರ್ಡನ್ನು ಕಿತ್ತಿಟ್ಟು ಪೈಯನ್ನು ಆನ್ ಮಾಡಿದರೆ ಏನೂ ಇಲ್ಲ, ವೈಫೈಯೂ ಇಲ್ಲ. ಟಿವಿಗೆ ಚುಚ್ಚಿ ನೋಡಿದೆ. ಕಾರ್ಡು ಸಿಗಲಿಲ್ಲ ಅಂತ ಮುನಿಸಿಕೊಂಡು ಎಮರ್ಜೆನ್ಸಿ ಅಂತ ಬರೆದುಕೊಂಡು ಕೂತಿತ್ತು. ಒಂದು ಪದ ಸೇರಿಸಿದ್ದಕ್ಕೆ ಸರಿಹೋಯಿತು. ಜೊತೆಗೆ ಆ ಕಾರ್ಡನ್ನು ಓದಲು ಮಾತ್ರ ಅಂತ ಮಾಡಿದೆ.

ಫೋನಿನಿಂದ ಸೇರುವಾಗಲೂ ಒಂದು ಕಿರಿಕಿರಿ ಇದೆ. 'ಈ ವೈಫೈಗೆ ಇಂಟರ್ನೆಟ್ ಇಲ್ಲ' ಅಂತ ಫೋನು ತಾನೇ ಕಳಚಿಕೊಂಡು ಮೊಬೈಲ್ ಡೇಟಾಕ್ಕೆ ಓಡುತ್ತದೆ. ಇಲ್ಲ ಅಂತ ಗೊತ್ತಪ್ಪಾ, ಇಲ್ಲ ಅಂತಲೇ ಮಾಡಿದ್ದು! ಡೇಟಾ ಆಫ್ ಮಾಡಿ, 'ಹಾಗೇ ಇರಲಿ' ಅಂತ ಒತ್ತಬೇಕು. ಆಮೇಲೆ ಬ್ರೌಸರಿನಲ್ಲಿ ಪೈಯ ವಿಳಾಸ 10.42.0.1:8080 ಹೊಡೆಯಬೇಕು. ಇದನ್ನು ಅಂಗಡಿಯಲ್ಲಿ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹೊಡೆದು, ಲ್ಯಾಮಿನೇಷನ್ ಮಾಡಿ ಫ್ರಿಜ್ಜಿನ ಮೇಲೆ ಅಂಟಿಸಿದೆ.

7. ಜೂನ್ 2: ಸ್ಟೀಲ್ ಡಬ್ಬಿ

ಮಳೆ ಹಿಡಿದ ಮೇಲೆ ನಮ್ಮಲ್ಲಿ ಚಪ್ಪಲಿಗೂ ಬೂಸ್ಟು, ಬೆಲ್ಟಿಗೂ ಬೂಸ್ಟು. ಬರೀ ಬೋರ್ಡನ್ನು ಹೊರಗೆ ಇಟ್ಟರೆ ತಿಂಗಳೊಳಗೆ ಪಿನ್ನೆಲ್ಲ ಹಸಿರಾಗುತ್ತದೆ. ಗಟ್ಟಿ ಮುಚ್ಚಳದ ಡಬ್ಬಿ ಹುಡುಕಿದೆ. ಅವ್ವನ ಅವಲಕ್ಕಿಯ ಸ್ಟೀಲ್ ಡಬ್ಬಿ ಹೇಳಿ ಮಾಡಿಸಿದ ಹಾಗಿತ್ತು. ಬುಡದಲ್ಲಿ ಥರ್ಮೋಕೋಲ್, ಅದರ ಮೇಲೆ ಪೈ, ವೈರಿಗೆ ಪಕ್ಕದಲ್ಲಿ ಒಂದು ತೂತು. ತೂತು ಕೊರೆದಾಗ ಅವ್ವ ಏನೂ ಅನ್ನಲಿಲ್ಲ, ನೋಡಿದರು ಅಷ್ಟೇ.

ಮುಚ್ಚಳ ಹಾಕಿದೆ. ವೈಫೈ ಮಾಯ.

ತೆಗೆದೆ, ಬಂತು. ಹಾಕಿದೆ, ಹೋಯಿತು. ನಾಲ್ಕು ಸಲ ಹೀಗೆ ಮಾಡಿದ ಮೇಲೆ ಮಗಳು, ಒಂಬತ್ತನೇ ಕ್ಲಾಸಿನವಳು, "ಅಪ್ಪಾ, ಅದು ಲೋಹ ಅಲ್ವಾ?" ಅಂದಳು. ರೇಡಿಯೋ ಅಲೆ ಲೋಹದ ಡಬ್ಬಿ ದಾಟಲ್ಲ ಅನ್ನುವುದು ನನಗೂ ಗೊತ್ತಿತ್ತು. ಹೊಳೆಯಬೇಕಲ್ಲ.

ಈಗ ಇರುವುದು 120 ರೂಪಾಯಿಯ ಪ್ಲಾಸ್ಟಿಕ್ ಡಬ್ಬಿ, ನಾಲ್ಕೂ ಕಡೆ ಕ್ಲಿಪ್ ಇರುವಂಥದ್ದು. ಒಳಗೆ ಹೊಸ ಶೂ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಆರು. ಮುಚ್ಚಿಟ್ಟರೆ ಬಿಸಿಯಾಗುತ್ತದಾ ಅಂತ ಹೆದರಿದ್ದೆ. ಎರಡು ಗಂಟೆ ಓಡಿಸಿ ನೋಡಿದಾಗ ಚಿಪ್ಪು 58 ಡಿಗ್ರಿ. 80ರ ಹತ್ತಿರ ಹೋದರೆ ಅದು ತಾನೇ ವೇಗ ಇಳಿಸಿಕೊಳ್ಳುತ್ತದೆ, ಹಾಗಾಗಿ ಪರವಾಗಿಲ್ಲ. ತೂತಿನ ಡಬ್ಬಿಯಲ್ಲಿ ಅವ್ವ ಈಗ ಬೆಳ್ಳುಳ್ಳಿ ಇಟ್ಟಿದ್ದಾರೆ. ಗಾಳಿ ಆಡುತ್ತದಂತೆ.

8. ಜೂನ್ 8ರಿಂದ 21: ಕರೆಂಟಿನ ಕಥೆ

ಎಲ್ಲಕ್ಕಿಂತ ಜಾಸ್ತಿ ಸತಾಯಿಸಿದ್ದು ಇದು.

ಮೊದಲು ಹಳೇ ಫೋನ್ ಚಾರ್ಜರಿನಲ್ಲಿ ಓಡಿಸಿದೆ. ಕಾರ್ಡ್ ರೀಡರ್ ಎಳೆಯಲು ಶುರು ಮಾಡಿದ ಕೂಡಲೇ ಪೈ ತಾನಾಗೇ ಆಫ್ ಆಗಿ ಆನ್ ಆಗುತ್ತಿತ್ತು. ಟಿವಿಯಲ್ಲಿ ನೋಡಿದರೆ ಮೂಲೆಯಲ್ಲಿ ಮಿಂಚಿನ ಗುರುತು. ವೋಲ್ಟೇಜು ಸಾಲುತ್ತಿಲ್ಲ ಅಂತ ಅರ್ಥ. ಪೈ 3ಕ್ಕೆ 5 ವೋಲ್ಟ್, 2.5 ಆಂಪ್ ಬೇಕು. ಅಡಾಪ್ಟರ್ 380 ರೂಪಾಯಿ. ತೆಳ್ಳನೆ ವೈರನ್ನೂ ಬಿಸಾಕಿ ದಪ್ಪದ್ದು ತಂದೆ, 150. ಮಿಂಚು ನಿಂತಿತು.

ಆಮೇಲೆ ಜಾಣತನ ಮಾಡಿದೆ. ಅಡಾಪ್ಟರನ್ನು 20,000 ಎಂಎಎಚ್ ಪವರ್ ಬ್ಯಾಂಕಿಗೆ, ಪವರ್ ಬ್ಯಾಂಕನ್ನು ಪೈಗೆ. ಕರೆಂಟ್ ಇದ್ದಾಗ ಚಾರ್ಜು, ಹೋದಾಗ ಬ್ಯಾಟರಿ, ಪುಕ್ಕಟೆ ಯುಪಿಎಸ್ ಅಂತ. ಎಲ್ಲ ಪವರ್ ಬ್ಯಾಂಕಿಗೂ ಇದು ಬರಲ್ಲ. ನನ್ನದು ಕರೆಂಟ್ ಹೋದ ಕ್ಷಣ ಕಣ್ಣು ಮಿಟುಕಿಸುವಷ್ಟು ಹೊತ್ತು ಸುಮ್ಮನಾಗಿ ಆಮೇಲೆ ಕೊಡುತ್ತದೆ. ಆ ಒಂದು ಕ್ಷಣಕ್ಕೆ ಪೈ ಸತ್ತು ಹುಟ್ಟುತ್ತದೆ. ನಮ್ಮೂರಿನಲ್ಲಿ ಜೂನಿನಲ್ಲಿ ಕರೆಂಟ್ ದಿನಕ್ಕೆ ಎಷ್ಟು ಸಲ ಹೋಗಿ ಬರುತ್ತದೆ ಅಂತ ಕೇಳಬೇಡಿ. ಐದನೇ ದಿನ ಪೈ ಏಳಲೇ ಇಲ್ಲ. ಓಎಸ್ ಕಾರ್ಡು ಕೆಟ್ಟಿತ್ತು. ಬರೆಯುತ್ತಿದ್ದಾಗಲೇ ಕರೆಂಟ್ ಹೋದರೆ ಹೀಗೇ ಆಗುತ್ತದೆ.

ಎಲ್ಲ ಮೊದಲಿನಿಂದ ಹಾಕಿದೆ. ಈ ಸಲ ಪೈಯ ಸೆಟ್ಟಿಂಗಿನಲ್ಲಿ ಓವರ್‌ಲೇ ಫೈಲ್ ಸಿಸ್ಟಮ್ ಅನ್ನುವುದನ್ನು ಆನ್ ಮಾಡಿದೆ. ಆಮೇಲೆ ಓಎಸ್ ಕಾರ್ಡಿಗೆ ಏನೂ ಬರೆಯುವುದಿಲ್ಲ, ಬರೆಯುವುದೆಲ್ಲ ರ್‍ಯಾಮಿಗೆ, ಆಫ್ ಆದ ಕೂಡಲೇ ಮರೆತುಬಿಡುತ್ತದೆ. ಬೇಕಂತಲೇ ಹದಿನೈದು ಸಲ ವೈರ್ ಕಿತ್ತು ಹಾಕಿ ನೋಡಿದೆ. ಹದಿನೈದು ಸಲವೂ ಎದ್ದಿತು. ಇದನ್ನು ಮೊದಲ ದಿನವೇ ಮಾಡಬೇಕಿತ್ತು.

ಅಡಾಪ್ಟರ್ ಈಗ ಪೆಟ್ಟಿಗೆಯಲ್ಲಿ ಸುಮ್ನೆ ಬಿದ್ದಿದೆ. ಪೈ ಯಾವಾಗಲೂ ಪವರ್ ಬ್ಯಾಂಕಿನಲ್ಲೇ. ಯುಎಸ್‌ಬಿ ಮೀಟರ್ ಇಟ್ಟು ನೋಡಿದರೆ ಸುಮ್ಮನಿದ್ದಾಗ 0.42 ಆಂಪ್, ಹುಡುಕುವಾಗ 0.6ರ ಹತ್ತಿರ. ಪೂರ್ತಿ ಚಾರ್ಜಿನಲ್ಲಿ ಬಿಡದೆ ಓಡಿಸಿದಾಗ 22 ಗಂಟೆ ಬಂತು. ಸಂಜೆ ಆರರಿಂದ ಒಂಬತ್ತರವರೆಗೆ ಮಾತ್ರ ಹಾಕಿದರೆ ಒಂದು ವಾರ. ಅದೂ ಮುಗಿದರೆ ಪಕ್ಕದ ಮನೆಯ ಪಿಕಪ್‌ನಲ್ಲಿ ಚಾರ್ಜರ್ ಇದೆ, ಸೋಮವಾರಪೇಟೆಗೆ ಹೋಗಿ ಬರುವಷ್ಟರಲ್ಲಿ ಸ್ವಲ್ಪ ತುಂಬುತ್ತದೆ.

9. ಜುಲೈ 16ರಿಂದ 19: ನಿಜವಾದ ಪರೀಕ್ಷೆ

16ರ ರಾತ್ರಿ ಕರೆಂಟ್ ಹೋಯಿತು. 17ಕ್ಕೆ ಟವರೂ. ಸಂಜೆ ಡಬ್ಬಿ ಹಾಕಿದೆ. ಮಗಳು, ಪಕ್ಕದ ಮನೆಯ ಇಬ್ಬರು ಮಕ್ಕಳು, ಅವರ ಅಜ್ಜ. ಅವರನ್ನು ಊರೆಲ್ಲ ಮಾವ ಅನ್ನುತ್ತದೆ, ನಾನೂ ಅಷ್ಟೇ. ಐದು ಫೋನು ಒಟ್ಟಿಗೇ ಸೇರಿದರೂ ತೊಂದರೆ ಆಗಲಿಲ್ಲ. ಲೇಖನದ ಹೆಸರು ಹೊಡೆದರೆ ತಕ್ಷಣ ಬರುತ್ತದೆ. ಒಳಗಿನ ಪದ ಹುಡುಕಿದರೆ ಮೊದಲ ಸಲ ಹತ್ತು ಸೆಕೆಂಡ್ ತಗೊಳ್ಳುತ್ತದೆ, ಆಮೇಲೆ ಚುರುಕು.

ಕನ್ನಡದಲ್ಲಿ ಹುಡುಕಲು ಒಂದು ಉಪಾಯ ಕಲಿತೆವು. 'ಕಾವೇರಿಯ' ಅಂತ ಹೊಡೆದರೆ 'ಕಾವೇರಿ' ಅಂತ ಇರುವ ಪುಟ ತಪ್ಪಿಹೋಗುತ್ತದೆ. ಪ್ರತ್ಯಯ ಬಿಟ್ಟು ಮೂಲ ಪದ ಮಾತ್ರ ಹೊಡೆಯಬೇಕು. ಅವ್ವ ವಿಕ್ಷನರಿಯಲ್ಲಿ ಒಂದೊಂದೇ ಪದ ಕೇಳಿ, ಅರ್ಥ ಓದಿಸಿ, "ಸರಿಯಾಗೇ ಬರ್ದಿದಾರೆ" ಅಂತ ಮಾರ್ಕ್ಸ್ ಕೊಡುತ್ತಿದ್ದರು.

ಮಾವ ಕೇಳಿದ್ದು ಕಾಂಡಕೊರಕದ ಬಗ್ಗೆ. ಅವರ ಅರೇಬಿಕಾ ಗಿಡಗಳು ಈ ವರ್ಷ ತುಂಬಾ ಹೋಗಿವೆ. ದೊಡ್ಡ ಫೈಲಿನಲ್ಲಿ ಇಂಗ್ಲಿಷಿನಲ್ಲಿ ಹುಡುಕಿದೆ. ಕ್ಸೈಲೋಟ್ರೆಕಸ್ ಕ್ವಾಡ್ರಿಪೆಸ್ ಅಂತ ದುಂಬಿಯ ಹೆಸರು. ಚಿತ್ರ ದೊಡ್ಡದು ಮಾಡಿ ತೋರಿಸಿದೆ, ಕಪ್ಪು ಮೈ ಮೇಲೆ ಬಿಳಿ ಗೆರೆ. ಮಾವ ಕನ್ನಡಕ ಹಣೆಗೆ ಏರಿಸಿ ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

"ಇದೇ ಮುಂಡೇದು. ತೊಗಟೆ ಸಂದಿಲಿ ಮೊಟ್ಟೆ ಇಡತ್ತೆ, ಬಿಸಿಲು ಬಿದ್ದ ಗಿಡ ಮೊದ್ಲು ಹಿಡಿಯತ್ತೆ. ಇದು ನಂಗೆ ಗೊತ್ತಿರೋದೇ. ಔಷಧಿ ಏನಂತೆ?"

ಔಷಧಿ ಆ ಪುಟದಲ್ಲಿ ಅವರಿಗೆ ಬೇಕಾದಷ್ಟು ಇರಲಿಲ್ಲ. "ನೂರು ಜಿಬಿ ಅಂದ್ಯಲ್ಲೋ?" ಅಂದರು. ಏನು ಹೇಳಲಿ. ಆದರೂ ಮರುದಿನ ಸಂಜೆ ಅವರೇ ಮೊದಲು ಬಂದು ಕೂತಿದ್ದರು. ಈ ಸಲ ಕೇಳಿದ್ದು ಆಫ್ರಿಕದ ಆನೆಗೂ ನಮ್ಮ ಆನೆಗೂ ಏನು ವ್ಯತ್ಯಾಸ ಅಂತ. ಅದು ಬೇಕಾದಷ್ಟಿತ್ತು, ಚಿತ್ರ ಸಮೇತ. ಕಿವಿ ನೋಡಿ "ಮೊರ ಇದ್ದಂಗಿದೆ" ಅಂದರು.

ನಾಲ್ಕು ದಿನದಲ್ಲಿ ಯಾರು ಏನು ತೆರೆದರು ಅಂತ ಲೆಕ್ಕ ಇಟ್ಟಿದ್ದೆ, ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ. ಕನ್ನಡ ವಿಕಿಪೀಡಿಯ 61, ಫೆಟ್ 34, ವಿಕ್ಷನರಿ 29, ಇಂಗ್ಲಿಷ್ ಮ್ಯಾಕ್ಸಿ 22, ವಿಕಿಮೆಡ್ 3. ಯಾವ ಫೈಲಿಗಾಗಿ ನಾಲ್ಕು ರಾತ್ರಿ, ಎರಡು ಕಾರ್ಡು ಸುರಿದೆನೋ ಅದು ನಾಲ್ಕನೇ ಜಾಗದಲ್ಲಿದೆ. ಜ್ವಾಲಾಮುಖಿ ಮಾತ್ರ ಮಗಳು ಇಂಗ್ಲಿಷಿನಲ್ಲೇ ಓದಿದಳು. ಪ್ರಾಜೆಕ್ಟಿಗಲ್ಲ, ಹೋದ ವರ್ಷದ ಸಿಟ್ಟಿಗೆ.

ಖರ್ಚು

ನಕಲಿ ಕಾರ್ಡು 700. ಅಸಲಿ ಕಾರ್ಡು 1,950. ಪೈ 1,800. ಕಾರ್ಡ್ ರೀಡರ್ 180. ಅಡಾಪ್ಟರ್ 380. ವೈರ್ 150. ಯುಎಸ್‌ಬಿ ಮೀಟರ್ 250. ಡಬ್ಬಿ 120. ಒಟ್ಟು 5,530. ಪವರ್ ಬ್ಯಾಂಕು, 16 ಜಿಬಿ ಕಾರ್ಡು ಮನೆಯಲ್ಲೇ ಇದ್ದವು. ನಕಲಿ ಕಾರ್ಡಿಗೂ ಈಗ ಬೇಡವಾಗಿರುವ ಅಡಾಪ್ಟರಿಗೂ ಕೊಟ್ಟ 1,080 ನೀವು ಉಳಿಸಬಹುದು. ಕನ್ನಡ, ವಿಕ್ಷನರಿ, ಮಿನಿ ಸಾಕು ಅನ್ನುವವರಿಗೆ ಇರುವ ಫೋನೇ ಸಾಕು, ಖರ್ಚು ಸೊನ್ನೆ.

ಬಾಕಿ ಇರುವುದು

ಕನ್ನಡದ ಫೈಲನ್ನು ಹೊಸದಕ್ಕೆ ಬದಲಿಸಬೇಕು. ಹೆಸರಿನಲ್ಲೇ ವರ್ಷ-ತಿಂಗಳು ಇರುತ್ತದೆ, ಹಾಗಾಗಿ ಹಳೇದು ಯಾವುದು ಅಂತ ಗೊಂದಲ ಇಲ್ಲ. ಆದರೆ ಹೊಸದನ್ನು ತೆರೆದು ನೋಡುವವರೆಗೆ ಹಳೇದನ್ನು ಅಳಿಸಲ್ಲ, ಅಷ್ಟು ಬುದ್ಧಿ ಬಂದಿದೆ. ಸಿಲಿಕಾ ಜೆಲ್ ಒದ್ದೆಯಾಗಿದೆ. ಅವ್ವ ಅದನ್ನು ಒಲೆಯ ಪಕ್ಕ ಬೆಚ್ಚಗಿಟ್ಟು ಒಣಗಿಸಿ ಕೊಡುತ್ತಾರಂತೆ, ಏಲಕ್ಕಿ ಜೊತೆ ಕಲಸಿಹೋಗದ ಹಾಗೆ ಹೆಸರು ಬರೆದಿಡಬೇಕು. ಮಾವನಿಗೆ ಕಾಂಡಕೊರಕದ ಔಷಧಿ ಇನ್ನೂ ಬಾಕಿ. ಕಾಫಿ ಸಂಶೋಧನೆಯವರ ಕನ್ನಡ ಪಿಡಿಎಫ್ ಸಿಕ್ಕರೆ ಅದೇ ಕಾರ್ಡಿನಲ್ಲಿ ಒಂದು ಫೋಲ್ಡರ್ ಮಾಡಿ ಹಾಕುತ್ತೇನೆ. ಜಾಗ ಇನ್ನೂ ನೂರು ಜಿಬಿಯ ಹತ್ತಿರ ಖಾಲಿ ಇದೆ.